ಮಾದರಿ ಹಡಗಿಗೊಂದು ಮನೆ

ಕಡಲಿನಲ್ಲಿ ತೇಲಿದ ಹಡಗಿಗೆ ಒಂದಲ್ಲ ಒಂದು ದಿನ ಅಂತ್ಯವಿದೆ. ಬಿರುಗಾಳಿಗೆ ಸಿಕ್ಕಿ ಮುಳುಗುತ್ತದೆ, ಶತ್ರುವಿನ ಗುಂಡಿಗೆ ತುತ್ತಾಗುತ್ತದೆ. ಅದಾವುದೂ ಇಲ್ಲದಿದ್ದರೆ ಹುಳು ಹಿಡಿದು, ಒಡೆಯುವವರ ಕೈಸೇರಿ ಸೌದೆಯಾಗುತ್ತದೆ. ಆದರೆ ಎಂದೂ ನೀರು ಮುಟ್ಟದ ಹಡಗುಗಳ ಜಾತಿಯೊಂದುಂಟು. ಅವು ಹಡಗುಗಳ ಮಾದರಿಗಳು. ಇವುಗಳ ಕಷ್ಟವೇ ಬೇರೆ. ಇವು ಮುಳುಗುವುದಿಲ್ಲ, ನೆಲೆಯಿಲ್ಲದೆ ಅಲೆಯುತ್ತವೆ. ಆ ಅಲೆದಾಟದ ಕಥೆಯಲ್ಲಿ ಕೆಲವು ಪುಟಗಳನ್ನು ಈ ಹೊತ್ತು ತಮ್ಮ ಮುಂದೆ ತೆರೆಯಬೇಕೆಂದಿದ್ದೇನೆ.

ಮಾದರಿ ಎಂದೊಡನೆ ಮಕ್ಕಳ ಆಟದ ದೋಣಿಯನ್ನು ನೆನೆಯಬಾರದು. ಇಂಗ್ಲೆಂಡಿನಲ್ಲಿ ಹದಿನೇಳನೆಯ ಶತಮಾನದ ನಡುವಿನಿಂದ ಸುಮಾರು ನೂರು ವರ್ಷಗಳ ಕಾಲ ತಯಾರಾದ ಮಾದರಿಗಳಿವೆ. ಅವುಗಳನ್ನು ನೇವಿ ಬೋರ್ಡ್ ಮಾದರಿಗಳೆಂದು ಕರೆಯುತ್ತಾರೆ. ಅಡಿಗೆ ಕಾಲಂಗುಲದ ಅಳತೆ. ಅಂದರೆ ನಿಜವಾದ ಹಡಗಿನ ನಲವತ್ತೆಂಟರಲ್ಲಿ ಒಂದು ಪಾಲು. ನೂರೆಪ್ಪತ್ತು ಅಡಿ ಉದ್ದದ ಯುದ್ಧನೌಕೆ ಈ ಲೆಕ್ಕದಲ್ಲಿ ಮೂರೂವರೆ ಅಡಿಯಾಗುತ್ತದೆ. ಹಡಗಿನ ಕೆಳಭಾಗಕ್ಕೆ ಹಲಗೆ ಹೊಡೆಯದೆ ಹಾಗೆಯೇ ಬಿಟ್ಟಿರುತ್ತಾರೆ. ಒಳಗಿನ ಪಕ್ಕೆಲುಬುಗಳು ಸಾಲಾಗಿ ಕಾಣುತ್ತವೆ. ಹಿಂಭಾಗದಲ್ಲಿ ಸಿಂಹ, ಕಿನ್ನರ, ರಾಜಲಾಂಛನಗಳ ಕೆತ್ತನೆ. ಅವಕ್ಕೆ ಚಿನ್ನದ ಲೇಪ. ಕಿಟಕಿಗಳಿಗೆ ಗಾಜಿಲ್ಲ, ನಾವು ಕಾಗೆಬಂಗಾರವೆನ್ನುವ ಅಭ್ರಕದ ತೆಳು ಹಾಳೆ. ಚಿತ್ರಗಳಲ್ಲಿ ನೋಡಿದಾಗಲೆಲ್ಲ ನನಗೆ ನಮ್ಮ ರಥಗಳ ಅಚ್ಚಿನ ಕೆಲಸ ನೆನಪಾಗುತ್ತದೆ. ಕೈಯಳತೆಯ ಮರದಲ್ಲಿ ಒಂದು ಸಾಮ್ರಾಜ್ಯದ ಜಂಭವನ್ನೆಲ್ಲ ತುಂಬಿಸಿಟ್ಟ ಹಾಗೆ.

ಇವನ್ನು ಏತಕ್ಕಾಗಿ ಮಾಡಿದರು ಎಂಬುದರ ಬಗ್ಗೆ ವಿದ್ವಾಂಸರಲ್ಲಿ ಏಕಾಭಿಪ್ರಾಯವಿಲ್ಲ. ಹಡಗು ಕಟ್ಟುವ ಮುನ್ನ ಒಪ್ಪಿಗೆ ಪಡೆಯಲು ಎನ್ನುವವರುಂಟು; ಕಟ್ಟಿದ ಮೇಲೆ ದೊಡ್ಡವರಿಗೆ ಕಾಣಿಕೆ ಕೊಡಲು ಎನ್ನುವವರುಂಟು. ಎರಡೂ ನಿಜವಿರಬಹುದು. ಪಾಠ ಹೇಳುವುದಕ್ಕಂತೂ ಮಾದರಿಗಳು ಬಳಕೆಯಾದದ್ದು ನಿಸ್ಸಂದೇಹ. ದಿನಚರಿಯಿಂದ ಪ್ರಸಿದ್ಧನಾದ ಸ್ಯಾಮ್ಯುಯೆಲ್ ಪೀಪ್ಸ್ 1660ರಲ್ಲಿ ನೌಕಾ ಮಂಡಳಿಯ ಕಾರ್ಯದರ್ಶಿಯಾದಾಗ ಹಡಗಿನ ವಿಷಯದಲ್ಲಿ ಅವನಿಗೆ ಅಕ್ಷರಾಭ್ಯಾಸವೂ ಆಗಿರಲಿಲ್ಲ. 1662ರಲ್ಲಿ ಕೂಪರ್ ಎಂಬ ನಾವಿಕನನ್ನು ಮನೆಗೆ ಕರೆಸಿ, ಮಾದರಿಯೊಂದನ್ನು ಮುಂದಿಟ್ಟುಕೊಂಡು ಹಡಗಿನ ಅಂಗಾಂಗಗಳ ಹೆಸರು ಕಲಿತ. ಗುಣಾಕಾರದ ಮಗ್ಗಿಯನ್ನು ಕಲಿತದ್ದೂ ಅದೇ ಕಾಲದಲ್ಲಿ, ಅದೇ ಗುರುವಿನಿಂದ. ಮೂವತ್ತರ ಹತ್ತಿರದ ಸರ್ಕಾರಿ ಅಧಿಕಾರಿಯೊಬ್ಬ ಮಗ್ಗಿ ಉರುಹೊಡೆಯುವ ದೃಶ್ಯ ನನಗೆ ಬಹಳ ಪ್ರಿಯವಾದದ್ದು.

ಪೀಪ್ಸನ ಬಳಿ ಮುಂದೆ ಮಾದರಿಗಳ ಒಂದು ಸಂಗ್ರಹವೇ ಬೆಳೆಯಿತು. ಪುಸ್ತಕಗಳಂತೂ ಮೂರು ಸಾವಿರ. 1703ರಲ್ಲಿ, ಸಾವು ಸಮೀಪಿಸಿದಾಗ, ಪುಸ್ತಕಗಳ ವಿಷಯದಲ್ಲಿ ಅವನು ಎಷ್ಟು ಕಟ್ಟುನಿಟ್ಟು ಮಾಡಿದನೆಂದರೆ, ಒಂದನ್ನೂ ಸೇರಿಸಕೂಡದು, ಒಂದನ್ನೂ ತೆಗೆಯಕೂಡದು. 1724ರಲ್ಲಿ ಅವು ಕೇಂಬ್ರಿಜ್‌ನ ಮ್ಯಾಗ್ಡಲೀನ್ ಕಾಲೇಜನ್ನು ಸೇರಿದವು. ಅವನೇ ಮಾಡಿಸಿದ ಕಪಾಟುಗಳಲ್ಲಿ, ಅವನು ಇಟ್ಟ ಕ್ರಮದಲ್ಲಿ ಇಂದಿಗೂ ಇವೆ. ಹಡಗಿನ ಮಾದರಿಗಳನ್ನು ಮಾತ್ರ ಆಪ್ತಮಿತ್ರನಾದ ವಿಲಿಯಂ ಹ್ಯೂಯರನಿಗೆ ಬಿಟ್ಟು, ಸಾರ್ವಜನಿಕರಿಗೆ ಉಪಯೋಗವಾಗುವಂತೆ ಏನಾದರೂ ಏರ್ಪಾಡು ಮಾಡೆಂದು ಸೂಚಿಸಿದ. ಹ್ಯೂಯರ್ 1715ರಲ್ಲಿ ತೀರಿಕೊಂಡ. ಮಾದರಿಗಳು ಕಣ್ಮರೆಯಾದವು. ಪುಸ್ತಕಕ್ಕೆ ಕಟ್ಟಳೆ ಹೊರಿಸಿದವನು ಹಡಗಿಗೆ ಬರಿಯ ಸದಾಶಯವನ್ನು ಹೊರಿಸಿದ. ಎರಡರ ಫಲವೂ ನಮ್ಮ ಮುಂದಿದೆ.

ಪೀಪ್ಸನಿದ್ದ ಅದೇ ಹುದ್ದೆಗೆ 1690ರಲ್ಲಿ ಬಂದವನು ಚಾರ್ಲ್ಸ್ ಸರ್ಜಿಸನ್. 1719ರವರೆಗೆ, ಸುಮಾರು ಮೂವತ್ತು ವರ್ಷ, ಅಲ್ಲಿಯೇ ಕುಳಿತ. ಪೀಪ್ಸನ ಮಾತಿನ ಸೊಗಸು ಇವನಿಗಿಲ್ಲ, ದಿನಚರಿ ಬರೆದವನೂ ಅಲ್ಲ. ಆದುದರಿಂದ ಲೋಕ ಇವನನ್ನು ಮರೆತಿದೆ. ಆದರೆ ಇವನಿಗೂ ಮಾದರಿಗಳ ಮೋಹವಿತ್ತು. ಸಸೆಕ್ಸ್ ಪ್ರಾಂತದ ಕಕ್‌ಫೀಲ್ಡ್ ಪಾರ್ಕ್ ಎಂಬ ತನ್ನ ಹಳ್ಳಿಯ ಬಂಗಲೆಯಲ್ಲಿ ಅವನ್ನು ಇರಿಸಿದ. 1732ರಲ್ಲಿ ಅವನು ಸತ್ತ ಮೇಲೂ ಅವು ಅಲ್ಲಿಯೇ ಉಳಿದವು. ಹತ್ತೊಂಬತ್ತನೆಯ ಶತಮಾನ ಬಂತು, ಹೋಯಿತು. ಹಾಯಿಯ ಹಡಗುಗಳ ಕಾಲವೇ ಮುಗಿದು ಉಗಿಹಡಗುಗಳು ಬಂದವು. ಮಾದರಿಗಳು ಮಾತ್ರ ಸುಮಾರು ಇನ್ನೂರು ವರ್ಷ ಕದಲಲಿಲ್ಲ. ಅವುಗಳನ್ನು ಉಳಿಸಿದ್ದು ಯಾರ ವಿಶೇಷ ಭಕ್ತಿಯೂ ಅಲ್ಲವೆಂದು ನನ್ನ ಊಹೆ. ದೊಡ್ಡ ಮನೆ, ಬೇಕಾದಷ್ಟು ಜಾಗ, ಏನನ್ನೂ ಎತ್ತಿಡದ ಶ್ರೀಮಂತರ ಸೋಮಾರಿತನ. ನಮ್ಮ ಹಳೆಯ ತೊಟ್ಟಿಮನೆಗಳ ಅಟ್ಟಗಳಲ್ಲಿ ತಾಳೆಗರಿಯ ಕಟ್ಟುಗಳು ಉಳಿದದ್ದು ಇನ್ನು ಹೇಗೆ?

ಮೊದಲನೆಯ ಮಹಾಯುದ್ಧದ ತರುವಾಯ ಇಂಗ್ಲೆಂಡಿನ ಬಂಗಲೆಗಳ ಮೇಲೆ ತೆರಿಗೆಯ ಭಾರ ಬಿತ್ತು. ಮನೆಯ ಚಿತ್ರ, ಪೀಠೋಪಕರಣ, ಪುಸ್ತಕ ಒಂದೊಂದಾಗಿ ಮಾರಾಟಕ್ಕೆ ಬಂದವು. ಸರ್ಜಿಸನ್ ಸಂಗ್ರಹವೂ 1920ರ ದಶಕದಲ್ಲಿ ಕೈ ಬದಲಾಯಿಸಿ ಅಟ್ಲಾಂಟಿಕ್ ಸಾಗರವನ್ನು ದಾಟಿತು. ಇನ್ನೂರು ವರ್ಷ ಸಮುದ್ರವನ್ನೇ ಕಾಣದ ಹಡಗುಗಳು ಮೊದಲ ಬಾರಿಗೆ ಪಯಣಿಸಿದ್ದು ಇನ್ನೊಂದು ಹಡಗಿನ ಹೊಟ್ಟೆಯಲ್ಲಿ, ಸರಕಾಗಿ. ಕೊಂಡವನು ಕರ್ನಲ್ ಹೆನ್ರಿ ರಾಜರ್ಸ್. ಇವನ ತಂದೆ ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯ ಧಣಿಗಳಲ್ಲೊಬ್ಬ. ಸಾಲದಲ್ಲಿ ಮುಳುಗಿದ್ದ ಸಾಹಿತಿ ಮಾರ್ಕ್ ಟ್ವೇನನನ್ನು ದಡ ಸೇರಿಸಿದ ಪುಣ್ಯಾತ್ಮ. ಮಗ ದಡ ಸೇರಿಸಿದ್ದು ಹಡಗುಗಳನ್ನು.

1935ರಲ್ಲಿ ರಾಜರ್ಸ್ ತೀರಿಕೊಂಡಾಗ ಅವನ ಮರಣಶಾಸನ ಸ್ಪಷ್ಟವಾಗಿತ್ತು. ಸಂಗ್ರಹವೆಲ್ಲ ಅನ್ನಾಪೊಲಿಸ್ ನಗರದಲ್ಲಿರುವ ಅಮೆರಿಕದ ನೌಕಾ ಅಕಾಡೆಮಿಗೆ. ಒಟ್ಟು 108 ಮಾದರಿಗಳು. ಅಕಾಡೆಮಿಯ ವಸ್ತುಸಂಗ್ರಹಾಲಯವಾದ ಪ್ರೆಬಲ್ ಹಾಲ್ 1939ರಲ್ಲಿ ತೆರೆಯಿತು. ಅಲ್ಲಿ ಅವು ಇಂದಿಗೂ ಇವೆ. 1701ರ ಸೇಂಟ್ ಜಾರ್ಜ್ ಎಂಬ ಯುದ್ಧನೌಕೆಯ ಮಾದರಿಗೆ ಆ ಕಾಲದ ಹಗ್ಗಗಳೇ ಉಳಿದುಬಂದಿವೆ. ಅಗಸೆ ನಾರಿನ ಸಣ್ಣ ಹುರಿ ಮೂರು ಶತಮಾನ ಬಾಳುವುದೆಂದರೆ ಸಾಮಾನ್ಯವಲ್ಲ. ಕೆಲವು ಮಾದರಿಗಳು ವಿಲಿಯಂ ಮತ್ತು ಮೇರಿಯರ ಆಳ್ವಿಕೆಯ ಕಾಲದ ತಮ್ಮ ಮೂಲ ಕಪಾಟುಗಳಲ್ಲಿಯೇ ಕುಳಿತಿವೆ. ದೇಶ ಬದಲಾಯಿತು, ಒಡೆಯ ಬದಲಾದ, ಮನೆಯೊಳಗಿನ ಮನೆ ಮಾತ್ರ ಬದಲಾಗಲಿಲ್ಲ.

ಇಲ್ಲೊಂದು ವಿನೋದವಿದೆ. ಬ್ರಿಟಿಷ್ ದೊರೆತನದ ವಿರುದ್ಧ ಬಂಡೆದ್ದು ಹುಟ್ಟಿದ ನೌಕಾಪಡೆ ಅಮೆರಿಕದ್ದು. 1812ರಲ್ಲಿ ಅದೇ ಬ್ರಿಟಿಷರೊಡನೆ ಮತ್ತೆ ಕಾದಿದ ಪಡೆ. ಆ ಪಡೆಯ ಎಳೆಯ ಅಧಿಕಾರಿಗಳು ಓದುವ ಶಾಲೆಯೇ ಬ್ರಿಟಿಷ್ ರಾಜನೌಕೆಗಳಿಗೆ ಆಶ್ರಯವಿತ್ತಿತು. ಅತ್ತ ಸರ್ಜಿಸನ್ನನ ಕಡತಗಳು ಲಂಡನ್ನಿನ ಬಳಿಯ ಗ್ರೀನಿಚ್ ವಸ್ತುಸಂಗ್ರಹಾಲಯದಲ್ಲಿವೆ. ಹಡಗುಗಳ ಲೆಕ್ಕಪತ್ರ ಒಂದು ದಡದಲ್ಲಿ, ಹಡಗುಗಳು ಇನ್ನೊಂದು ದಡದಲ್ಲಿ. ನಾಡಿನ ಸಂಪತ್ತು ನಾಡಿನಲ್ಲಿಯೇ ಉಳಿಯಬೇಕೆಂಬ ವಾದವನ್ನು ಹಲವು ಸಂದರ್ಭಗಳಲ್ಲಿ ನಾನು ಒಪ್ಪುತ್ತೇನೆ. ನಮ್ಮ ವಿಗ್ರಹಗಳು ಕಳುವಾಗಿ ಹೊರದೇಶ ಸೇರಿದ್ದನ್ನು ಕಂಡವರಿಗೆ ಬೇರೆ ಅಭಿಪ್ರಾಯ ಬರಲಾರದು. ಆದರೆ ಕ್ರಯಕ್ಕೆ ಕೊಂಡು, ಒಡೆಯದೆ ಚದುರಿಸದೆ, ಒಂದು ಶಾಲೆಗೆ ಒಪ್ಪಿಸಿದ್ದನ್ನು ಆ ಸಾಲಿಗೆ ಸೇರಿಸಲು ನನ್ನ ಮನಸ್ಸು ಒಪ್ಪದು.

ಮಾದರಿ ದೊಡ್ಡದಾದಷ್ಟೂ ಅದಕ್ಕೆ ಮನೆ ಸಿಕ್ಕುವುದು ಕಷ್ಟ. ಹಾಲೆಂಡಿನಲ್ಲಿ 1698ರಲ್ಲಿ ಕಟ್ಟಿದ ವಿಲಿಯಂ ರೆಕ್ಸ್ ಎಂಬುದೊಂದಿದೆ. 74 ತೋಪುಗಳ ನೌಕೆ, ಅಳತೆ ಹನ್ನೆರಡರಲ್ಲಿ ಒಂದು. ನೇವಿ ಬೋರ್ಡ್ ಮಾದರಿಯ ನಾಲ್ಕು ಪಟ್ಟು ಉದ್ದ, ನಾಲ್ಕು ಪಟ್ಟು ಎತ್ತರ. ಜೀಲೆಂಡ್ ಪ್ರಾಂತದ ನೌಕಾಡಳಿತದ ಸಭಾಂಗಣಕ್ಕೆಂದೇ ಮಾಡಿಸಿದ್ದು; ಈಗ ಆಮ್ಸ್ಟರ್ಡ್ಯಾಮಿನ ರೈಕ್ಸ್ ಮ್ಯೂಸಿಯಂನಲ್ಲಿದೆ. ಇಂಥದ್ದನ್ನು ಸಾಕಲು ಅರಮನೆಯೋ ಸರ್ಕಾರವೋ ಬೇಕು. ಉಗಿಹಡಗುಗಳ ಕಾಲಕ್ಕೆ ಬಂದರೆ ಸಮಸ್ಯೆ ಮತ್ತೂ ಹಿರಿದಾಗುತ್ತದೆ. ಟೈಟಾನಿಕ್ ಹಡಗಿನ ಉದ್ದ 882 ಅಡಿ. ಅದೇ ಕಾಲಂಗುಲದ ಅಳತೆಯಲ್ಲಿ ಮಾದರಿ ಮಾಡಿದರೂ ಹದಿನೆಂಟು ಅಡಿ ಮೀರುತ್ತದೆ. ಬಾಗಿಲಲ್ಲಿ ಹಿಡಿಸದು, ಮೆಟ್ಟಿಲ ತಿರುವಿನಲ್ಲಿ ತಿರುಗದು. ಹಡಗಿನ ಕಂಪನಿ ಮುಚ್ಚಿದ ದಿನ ಅದರ ಕಚೇರಿಯ ಮೇಜು ಕುರ್ಚಿಗಳಿಗೆ ಗಿರಾಕಿ ಸಿಕ್ಕಾರು. ಗಾಜಿನ ಪೆಟ್ಟಿಗೆಯೊಳಗಿನ ಹದಿನೆಂಟು ಅಡಿಯ ಹಡಗನ್ನು ಯಾರು ಒಯ್ದಾರು?

ಸರ್ಕಾರದ ಆಶ್ರಯವೂ ಶಾಶ್ವತವೇನಲ್ಲ. ಫ್ರಾನ್ಸಿನ ದೊರೆ ಹದಿನೈದನೆಯ ಲೂಯಿಗೆ ದ್ಯೂಹಾಮೆಲ್ ದ್ಯು ಮೊನ್ಸೋ ಎಂಬ ವಿಜ್ಞಾನಿ 1748ರಲ್ಲಿ ತನ್ನ ಮಾದರಿಗಳನ್ನು ಅರ್ಪಿಸಿದ. ಲೂವ್ರ್ ಅರಮನೆಯಲ್ಲಿ ಜಾಗ ದೊರಕಿತು. ಕ್ರಾಂತಿಯಲ್ಲಿ ಆ ಕೋಣೆ ಮುಚ್ಚಿತು. 1827ರಲ್ಲಿ ಹತ್ತನೆಯ ಚಾರ್ಲ್ಸ್ ದೊರೆ ಅಲ್ಲಿಯೇ ನೌಕಾ ವಸ್ತುಸಂಗ್ರಹಾಲಯ ತೆರೆದ. ಚಿತ್ರಗಳಿಗೂ ಶಿಲ್ಪಗಳಿಗೂ ಜಾಗ ಸಾಲದಾದಾಗ ಹಡಗುಗಳು ಎದ್ದು ಹೊರಡಬೇಕಾಯಿತು. 1943ರಲ್ಲಿ, ಪ್ಯಾರಿಸ್ಸು ಜರ್ಮನ್ ಸೇನೆಯ ವಶದಲ್ಲಿದ್ದಾಗ, ಶಾಯೋ ಅರಮನೆಯಲ್ಲಿ ಹೊಸ ಸಂಗ್ರಹಾಲಯ ಬಾಗಿಲು ತೆರೆಯಿತು. 2017ರಲ್ಲಿ ದುರಸ್ತಿಗೆಂದು ಮುಚ್ಚಿ, 2023ರಲ್ಲಿ ಮತ್ತೆ ತೆರೆದರು. ಲಂಡನ್ನಿನ ಸೈನ್ಸ್ ಮ್ಯೂಸಿಯಂನಲ್ಲಿ 1963ರಿಂದ ಇದ್ದ ಹಡಗುಗಳ ಶಾಲೆಯನ್ನು 2012ರಲ್ಲಿ ಮುಚ್ಚಿದರು. ಆ ಜಾಗದಲ್ಲಿ 2014ರಲ್ಲಿ ಬಂದದ್ದು ತಂತಿ, ದೂರವಾಣಿ, ಕಂಪ್ಯೂಟರುಗಳ ಪ್ರದರ್ಶನ. ಬಿಚ್ಚುವ ಮುನ್ನ ಇಡೀ ಶಾಲೆಯನ್ನು ಲೇಸರ್ ಕಿರಣಗಳಿಂದ ಅಳೆದು ಚಿತ್ರವಾಗಿ ಉಳಿಸಿಕೊಂಡರು. ಒಳ್ಳೆಯ ಕೆಲಸವೇ, ಆದರೆ ಹಡಗಿನ ನೆರಳನ್ನು ಉಳಿಸಿ ಹಡಗನ್ನು ಉಗ್ರಾಣಕ್ಕೆ ಕಳುಹಿಸಿದಂತಾಯಿತು.

ಯಾರೂ ಎಬ್ಬಿಸದ ಮನೆಯೊಂದನ್ನು ಹುಡುಕಿಕೊಂಡವರು ಡೆನ್ಮಾರ್ಕಿನ ನಾವಿಕರು. ಬದುಕಿ ಬಂದುದಕ್ಕಾಗಿ ಹಡಗಿನ ಮಾದರಿಯನ್ನು ಊರಿನ ಚರ್ಚಿಗೆ ಹರಕೆಯಾಗಿ ಒಪ್ಪಿಸಿ ಸೂರಿನಿಂದ ತೂಗುಹಾಕುವ ಸಂಪ್ರದಾಯ ಅಲ್ಲಿದೆ. ಅಂಥವು ಆ ಸಣ್ಣ ದೇಶದಲ್ಲಿ ಸಾವಿರಕ್ಕೂ ಮೇಲಿವೆ. ದೇವರ ಸೊತ್ತಿಗೆ ಬಾಡಿಗೆ ಕೇಳುವವರಿಲ್ಲ.

ಮನೆ ಸಿಕ್ಕಿದ ಮಾತ್ರಕ್ಕೆ ಆತಂಕ ಮುಗಿಯಿತೆಂದಲ್ಲ. ಮಾದರಿಗಳ ಪುಟ್ಟ ತೋಪು, ಲಂಗರು, ಗಿಲಕಿಗಳನ್ನು ಎಷ್ಟೋ ವೇಳೆ ಸೀಸದಿಂದ ಎರಕ ಹೊಯ್ದಿರುತ್ತಾರೆ. ಧೂಳು ಬೀಳದಿರಲೆಂದು ಓಕ್ ಮರದ ಪೆಟ್ಟಿಗೆಯಲ್ಲಿಟ್ಟು ಗಾಳಿಯಾಡದಂತೆ ಮುಚ್ಚುತ್ತಾರೆ. ಓಕ್ ಮರದಿಂದಲೂ ಅಂಟಿನಿಂದಲೂ ಹುಳಿಯ ಆವಿ ಮೆಲ್ಲಗೆ ಹೊರಬರುತ್ತದೆ. ಹೊರಹೋಗಲು ದಾರಿಯಿಲ್ಲದ ಆ ಆವಿ ಸೀಸವನ್ನು ತಿನ್ನತೊಡಗುತ್ತದೆ. ತೋಪಿನ ಮೇಲೆ ಬಿಳಿಯ ಬೂದಿಯಂಥ ಪದರ ಕಾಣಿಸಿಕೊಂಡು, ಉಬ್ಬಿ, ಕೊನೆಗೆ ತೋಪೇ ಪುಡಿಯಾಗಿ ಉದುರುತ್ತದೆ. ಕಾಪಾಡಲೆಂದು ಕಟ್ಟಿದ ಪೆಟ್ಟಿಗೆಯೇ ವಿಷದ ಕೋಣೆಯಾಗುತ್ತದೆ. ಬಲ್ಲವರು ಈಗ ಪೆಟ್ಟಿಗೆಗೆ ಗಾಳಿಕಂಡಿ ಇಡುತ್ತಾರೆ, ಓಕ್ ಮರವನ್ನು ದೂರವಿಡುತ್ತಾರೆ, ಬಿಸಿಲು ಬೀಳದಂತೆ, ತೇವ ಏರಿಳಿಯದಂತೆ ನೋಡಿಕೊಳ್ಳುತ್ತಾರೆ. ಹಳೆಯ ಮಾದರಿ ಕೊಡುತ್ತೇವೆಂದು ಯಾರಾದರೂ ಬಂದಾಗ ಸಂಗ್ರಹಾಲಯಗಳು ಹಿಂದೆಗೆಯುವುದು ಬರಿಯ ಜಾಗದ ಕೊರತೆಯಿಂದಲ್ಲ. ವಸ್ತುವಿನ ಬೆಲೆ ಒಂದು ಸಲದ್ದು, ಆರೈಕೆ ಎಂದೆಂದಿನದು.

ಗ್ರೀನಿಚ್ಚಿನವರು ಕಂಡುಕೊಂಡ ದಾರಿ ನನಗೆ ಮೆಚ್ಚಿಕೆಯಾದದ್ದು. 1937ರಲ್ಲಿ ತೆರೆದ ಆ ಸಂಗ್ರಹಾಲಯಕ್ಕೆ ಸರ್ ಜೇಮ್ಸ್ ಕೇರ್ಡ್ ಎಂಬ ಹಡಗುಗಳ ಒಡೆಯ ಕೈಬಿಚ್ಚಿ ಕೊಂಡು ಕೊಟ್ಟ ಮಾದರಿಗಳೇ ಬಹಳ. ಸಾವಿರಾರು ಮಾದರಿಗಳಲ್ಲಿ ಪ್ರದರ್ಶನಕ್ಕೆ ಇಡಲಾಗುವುದು ಕೆಲವೇ. ಉಳಿದವಕ್ಕೆ ಎಲ್ಲಿ ನೆಲೆ? ಮೆಡ್ವೇ ನದಿಯ ದಂಡೆಯಲ್ಲಿ ಚಾಥಮ್ ಎಂಬ ಹಳೆಯ ಹಡಗುಕಟ್ಟೆಯಿದೆ. ನೆಲ್ಸನ್ನನ ವಿಕ್ಟರಿ 1765ರಲ್ಲಿ ನೀರಿಗಿಳಿದದ್ದು ಅಲ್ಲಿ. 1984ರಲ್ಲಿ ಆ ಕಟ್ಟೆಯನ್ನು ಸರ್ಕಾರ ಮುಚ್ಚಿತು. ಹಡಗುಗಳಿಗೆ ಲಂಗರು, ಕಬ್ಬಿಣದ ಕೀಲು ಬಡಿಯುತ್ತಿದ್ದ 1808ರ ಕಮ್ಮಾರಸಾಲೆ ಅಲ್ಲಿ ಪಾಳುಬಿದ್ದಿತ್ತು. ಅದನ್ನು ರಿಪೇರಿ ಮಾಡಿ, ಒಳಗೆ ಹವೆ ಹದವಾಗಿರುವ ಕೋಣೆಗಳನ್ನು ಕಟ್ಟಿ, 2010ರಲ್ಲಿ ಗ್ರೀನಿಚ್ಚಿನ ಮತ್ತು ಯುದ್ಧ ಸಂಗ್ರಹಾಲಯದ ಸುಮಾರು 4,000 ಮಾದರಿಗಳನ್ನು ಅಲ್ಲಿಗೆ ಸಾಗಿಸಿದರು. ಹಳೆಯ ಕುಲುಮೆಗಳು ಅಂಗಳದ ಕಡೆ ಹಾಗೆಯೇ ಇವೆ. ಗೋಡೆಯಾಚೆ, ಮಂದಬೆಳಕಿನಲ್ಲಿ, ಹಡಗುಗಳು ಸಾಲಾಗಿ ನಿಂತಿವೆ.