ಬ್ಯಾಟರಿಯ ಮಿತಿಯೂ ಮತದ ದಾಖಲೆಯೂ: ಕನಕಪುರ ಸೀಮೆಯ ಒಂದು ನಿದರ್ಶನ

2004ರ ಲೋಕಸಭಾ ಚುನಾವಣೆಯಲ್ಲಿ ದೇಶದ ಎಲ್ಲ ಕ್ಷೇತ್ರಗಳಲ್ಲಿಯೂ ವಿದ್ಯುನ್ಮಾನ ಮತಯಂತ್ರವನ್ನು ಬಳಸಲಾಯಿತು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳು ಆಗ ಕನಕಪುರ ಲೋಕಸಭಾ ಕ್ಷೇತ್ರಕ್ಕೆ ಸೇರಿದ್ದವು. ಮಾಜಿ ಪ್ರಧಾನಿ ಎಚ್. ಡಿ. ದೇವೇಗೌಡರು ಅಲ್ಲಿ ತೇಜಸ್ವಿನಿ ಗೌಡರೆದುರು ಪರಾಭವಗೊಂಡ ಸಂಗತಿ ಸುವಿದಿತವಾಗಿದೆ. ಆ ತೀರ್ಪನ್ನು ದಾಖಲಿಸಿದ ಯಂತ್ರವು ವಿದ್ಯುತ್ ತಂತಿಯನ್ನು ಅವಲಂಬಿಸದೆ ಬ್ಯಾಟರಿಯಿಂದಲೇ ನಡೆದುದು ಹೇಗೆಂಬುದನ್ನು ಇಲ್ಲಿ ಪರಿಶೀಲಿಸಲು ಯತ್ನಿಸಲಾಗಿದೆ.

ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯೂ ಹೈದರಾಬಾದಿನ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ಸಂಸ್ಥೆಯೂ ನಿರ್ಮಿಸಿದ ಈ ಯಂತ್ರವು ಮೊದಲು ಬಳಕೆಗೆ ಬಂದುದು 1982ರಲ್ಲಿ, ಕೇರಳದ ಪರವೂರಿನಲ್ಲಿ. ವಿದ್ಯುತ್ತಿಲ್ಲದ ಹಳ್ಳಿಯ ಮತಗಟ್ಟೆಯಲ್ಲಿಯೂ ಅದು ದಿನವಿಡೀ ಎಚ್ಚರವಾಗಿರಬೇಕಾಗಿತ್ತು. ಆದುದರಿಂದ ಅದರೊಳಗಿನ ಮೈಕ್ರೊಕಂಟ್ರೋಲರಿನ ವೇಗಕ್ಕಿಂತ ಮಿತವ್ಯಯವೇ ಮುಖ್ಯವಾಯಿತು.

ಈ ಮಿತವ್ಯಯದ ಚರಿತ್ರೆಯನ್ನು ಮತಯಂತ್ರದ ಹೊರಗಿನ ಮೂರು ಪ್ರಸಿದ್ಧ ಚಿಪ್ಪುಗಳ ಹೋಲಿಕೆಯಿಂದ ಅರಿಯಬಹುದು. 1980ರಲ್ಲಿ ಹೊರಬಂದ ಇಂಟೆಲ್ 8051, ಎನ್‌ಮಾಸ್ ವಿಧಾನದ್ದು. ಗರಿಷ್ಠ 125 ಮಿಲಿಆಂಪಿಯರ್ ವಿದ್ಯುತ್ತನ್ನು ಎಳೆಯಬಲ್ಲುದು. ಸಿಮಾಸ್ ವಿಧಾನದ ಅದರ ರೂಪಾಂತರಕ್ಕೆ ದುಡಿಯುವಾಗ ಸುಮಾರು 20, ಕಾಯುವಾಗ ಸುಮಾರು 5 ಮಿಲಿಆಂಪಿಯರ್ ಸಾಕು. ಏಕೆಂದರೆ ಸಿಮಾಸಿನಲ್ಲಿ ಸ್ಥಿತಿ ಬದಲಾಗುವ ಗಳಿಗೆಯಲ್ಲಿಯೇ ಬಹುಪಾಲು ವಿದ್ಯುತ್ತು ವ್ಯಯವಾಗುತ್ತದೆ. ಹತ್ತು ಗಂಟೆಗಳ ಮತದಾನಕ್ಕೆ ಮೊದಲನೆಯದು 1250 ಮಿಲಿಆಂಪಿಯರ್ ಗಂಟೆಗಳನ್ನು ಬೇಡಿದರೆ, ಎರಡನೆಯದು ನಿರಂತರವಾಗಿ ದುಡಿದರೂ 200ರಷ್ಟನ್ನು ಮಾತ್ರ ಬೇಡುತ್ತದೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸಿನ ಎಂಎಸ್‌ಪಿ430ಜಿ2553 ಎಂಬ ಈಚಿನ ಚಿಪ್ಪಿಗಾದರೋ ಕಾಯುವ ಸ್ಥಿತಿಯಲ್ಲಿ 0.5 ಮೈಕ್ರೊಆಂಪಿಯರ್ ಸಾಕು. ಇಬ್ಬರು ಮತದಾರರ ನಡುವಣ ವಿರಾಮದಲ್ಲಿ ಯಂತ್ರವು ಮಾಡುವುದು ಕಾಯುವ ಕೆಲಸವನ್ನೇ. ಅದರ ಮಿತವ್ಯಯವನ್ನು ಅಳೆಯಬೇಕಾದುದೂ ಅಲ್ಲಿಯೇ.

ಆದರೆ ಮಿತವ್ಯಯವೊಂದೇ ಸಾಲದು. ಬ್ಯಾಟರಿ ತೀರಿದರೂ ಮತ ಉಳಿಯಬೇಕು. ಅದಕ್ಕಾಗಿ ಮತಗಳನ್ನು ವಿದ್ಯುತ್ತಿಲ್ಲದೆಯೂ ಅಳಿಯದ ಸ್ಮೃತಿಕೋಶದಲ್ಲಿ ಬರೆದಿಡಲಾಗುತ್ತದೆ. ಬ್ಯಾಟರಿಯನ್ನು ಬದಲಿಸಿದರೂ ಎಣಿಕೆ ಕೆಡದು. ಇಲ್ಲಿಯೇ ಆಕ್ಷೇಪವೂ ಹುಟ್ಟಿತು. ಯಂತ್ರವು ಕೈಗೆ ಸಿಕ್ಕವರು ಆ ಸ್ಮೃತಿಕೋಶವನ್ನು ತಿದ್ದಬಹುದೆಂದು 2010ರಲ್ಲಿ ಪ್ರಕಟವಾದ ತಜ್ಞರ ಅಧ್ಯಯನವೊಂದು ವಾದಿಸಿತು. ಮೊಹರು, ಭದ್ರತಾ ಕೊಠಡಿ ಮುಂತಾದ ಆಡಳಿತ ರಕ್ಷಣೆಗಳುಂಟೆಂದು ಚುನಾವಣಾ ಆಯೋಗವು ಪ್ರತಿಪಾದಿಸಿತು.

ಈ ಸಂದೇಹಕ್ಕೆ ಕಾಗದವೇ ಉತ್ತರವಾಗಿ ಮರಳಿದುದು ಗಮನಾರ್ಹ. 2013ರಿಂದ ಬಳಕೆಗೆ ಬಂದು 2019ರಲ್ಲಿ ಎಲ್ಲ ಲೋಕಸಭಾ ಕ್ಷೇತ್ರಗಳಿಗೂ ವ್ಯಾಪಿಸಿದ ಮತಖಾತರಿ ಯಂತ್ರವು ಏಳು ಸೆಕೆಂಡುಗಳ ಕಾಲ ಮತದಾರನಿಗೆ ಚೀಟಿಯನ್ನು ತೋರಿಸುತ್ತದೆ. ಮತಯಂತ್ರಕ್ಕೆ 7.5 ವೋಲ್ಟಿನ ಬ್ಯಾಟರಿ ಸಾಕಾದರೆ, ಅಚ್ಚುಮಾಡುವ ಈ ಯಂತ್ರಕ್ಕೆ 22.5 ವೋಲ್ಟ್ ಬೇಕಾಗುತ್ತದೆ. ಚಿಪ್ಪು ಉಳಿಸಿಕೊಟ್ಟ ವಿದ್ಯುತ್ತಿನ ಒಂದು ಪಾಲನ್ನು ಪ್ರಜೆಯ ವಿಶ್ವಾಸಕ್ಕಾಗಿ ವ್ಯಯಿಸಬೇಕಾಯಿತೆಂದು ಇದರಿಂದ ತಿಳಿಯಬಹುದು. ಆ ವ್ಯಯವು ಸಾರ್ಥಕವೆಂದೇ ನಮ್ಮ ಅಭಿಪ್ರಾಯ.