ಒಳಗಿನ ದನಿ ಹಿಡಿಯೂದು: ಗ್ರಾಮಫೋನಿನಿಂದ ಲ್ಯಾಪ್‌ಟಾಪಿನ ತನಕ

ಅಕ್ಕಾರ, ತಂಗ್ಯಾರ, ಈ ವಾರ ಅಡಿಗಿ ಮಾತು ಬದಿಗಿಟ್ಟು ದನಿ ಮಾತು ಆಡೂಣು. ವಿಡಿಯೋ ಕಾಲಿನ್ಯಾಗ ಮಾತಾಡಿದ್ದನ್ನ ಹಿಡದಿಡಾಕ ಹೋದ್ರ ಚಿತ್ರ ಬರತೈತಿ, ದನಿ ಬರೂದಿಲ್ಲ ಅಂತ ಓಣ್ಯಾಗ ಬಾಳ ಮಂದಿ ಕೇಳ್ಯಾರ. ಬಂದ್ರೂ ಕುಕ್ಕರ್ ಸೀಟಿ, ಫ್ಯಾನಿನ ಸಪ್ಪಳ, ನಾಯಿ ಬೊಗಳಿದ್ದು ಎಲ್ಲಾ ಕೂಡೇ ಬರತೈತಿ. ಇದು ನಿನ್ನೆ ಮೊನ್ನಿ ಹುಟ್ಟಿದ ತ್ರಾಸ ಅಲ್ಲ. ಇದರ ಹಿಂದ ನೂರು ವರ್ಷಕ್ಕೂ ಹೆಚ್ಚಿನ ಕಥಿ ಐತಿ, ಅದರಾಗ ನಮ್ಮ ಗದಗ ಸೀಮಿದೂ ಪಾಲು ಐತಿ.

ನಮ್ಮ ಲಕ್ಷ್ಮೇಶ್ವರದ ಹಳೇ ಹೆಸರು ಪುಲಿಗೆರೆ. ಒಂಬತ್ತನೇ ಶತಮಾನದ ಕವಿರಾಜಮಾರ್ಗದಾಗ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ ಈ ನಾಕು ಊರುಗಳ ನಡುವಿನ ಕನ್ನಡನ ಕನ್ನಡದ ತಿರುಳು ಅಂತ ಹೇಳೈತಿ. ಆ ಕಾಲದ ಅಕ್ಷರ ಕಲ್ಲಿನ ಮ್ಯಾಲೆ ಉಳದಾವು. ಆದ್ರ ಪುಲಿಗೇರಿ ಹೆಣಮಕ್ಕಳು ಬೀಸುಕಲ್ಲಿನ ಮುಂದ ಕುಂತು ಯಾವ ದನೀಲೆ ಹಾಡತಿದ್ರು, ಕೂಸಿಗೆ ಹೆಂಗ ಜೋಗುಳ ಹೇಳತಿದ್ರು, ಅದು ಯಾವ ಶಾಸನದಾಗೂ ಇಲ್ಲ. ಕಲ್ಲಿಗೆ ಮಾತು ಹಿಡಿಯಾಕ ಬರತಿತ್ತು, ದನಿ ಹಿಡಿಯಾಕ ಬರತಿರಲಿಲ್ಲ.

ನಮ್ಮ ದೇಶದಾಗ ಹಾಡುಗಾರ್ತಿ ದನಿ ತಟ್ಟಿ ಮ್ಯಾಲೆ ಕುಂತಿದ್ದು 1902ರಾಗ. ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಅನ್ನಾಂವ ಕಲಕತ್ತಾಕ್ಕ ಬಂದು ಗೌಹರ್ ಜಾನ್ ಅವರ ಹಾಡು ಹಿಡದ. ಆಗ ಮೈಕೂ ಇಲ್ಲ, ಕರೆಂಟಿನ ಕೆಲಸಾನೂ ಇಲ್ಲ. ದೊಡ್ಡದೊಂದು ತುತ್ತೂರಿ ಬಾಯಿಗೆ ಮುಖ ಕೊಟ್ಟು ಜೋರಾಗಿ ಹಾಡಬೇಕು. ತುತ್ತೂರಿ ಒಳಗಿನ ಗಾಳಿ ನಡಗಿದ್ಹಂಗ ಸೂಜಿ ನಡಗಿ ಮೇಣದ ಮ್ಯಾಲೆ ಗೆರಿ ಕೊರೀತಿತ್ತು. ಮೂರು ನಿಮಿಷದ ಆಸುಪಾಸಿನ್ಯಾಗ ಇಡೀ ರಾಗ ಮುಗಸಬೇಕು. ತಟ್ಟಿ ಅಚ್ಚಾಗ್ತಿದ್ದದ್ದು ಜರ್ಮನಿಯ ಹ್ಯಾನೋವರ್‌ದಾಗ. ಗೌಹರ್ ಜಾನ್ ಹಾಡಿನ ಕೊನಿಗೆ ತಮ್ಮ ಹೆಸರು ತಾವ ಹೇಳತಿದ್ರು. ಯಾರ ದನಿ ಅಂತ ಅಲ್ಲಿಯವರಿಗೆ ಗೊತ್ತಾಗಬೇಕಲ್ಲ! ಕಡೀ ಕಾಲಕ್ಕ ಅವರು ಮೈಸೂರಿಗೆ ಬಂದು, 1930ರಾಗ ಅಲ್ಲೇ ತೀರಿಕೊಂಡ್ರು.

1925ರ ಹೊತ್ತಿಗೆ ತುತ್ತೂರಿ ಹೋಗಿ ಮೈಕ್ ಬಂತು. ಮೆಲ್ಲಕ ಹಾಡಿದ್ದೂ ಕೇಳಾಕತ್ತಿತು. ಆದ್ರೂ ಎರಡಕ್ಕೂ ಒಂದ ಗುಣ: ದನಿ ಗಾಳ್ಯಾಗ ಬಂದು ಮುಟ್ಟಬೇಕು. ಗಾಳ್ಯಾಗ ಬರೂದಂದ್ರ ಕೋಣ್ಯಾಗಿನ ಎಲ್ಲಾ ಸಪ್ಪಳಾನೂ ಕೂಡೇ ಬರತೈತಿ.

ತಟ್ಟಿ ಒಳಗಿನ ದನಿಗೆ ಏನು ತಾಕತ್ತು ಐತಿ ಅಂತ ತಿಳೀಬೇಕಂದ್ರ ಭೀಮಸೇನ ಜೋಶಿಯವರ ಕಥಿ ಸಾಕು. 1922ರಾಗ ರೋಣದಾಗ ಹುಟ್ಟಿ ಗದಗಿನ್ಯಾಗ ಬೆಳದ ಹುಡುಗ. ಅಬ್ದುಲ್ ಕರೀಂ ಖಾನ್ ಸಾಹೇಬರ ಝಿಂಝೋಟಿ ರಾಗದ ಠುಮರಿ ರೆಕಾರ್ಡಿನ್ಯಾಗ ಕೇಳಿ ಹುಚ್ಚಾಗಿ, 1933ರಾಗ ಹನ್ನೊಂದು ವರ್ಷದಾಂವ ಇದ್ದಾಗ ಗುರುವಿನ್ನ ಹುಡುಕ್ಕೊಂತ ಮನಿ ಬಿಟ್ಟು ಹೋದ. ಹಾಡಿದಾಂವ ಎದುರಿಗೆ ಇರಲಿಲ್ಲ, ದನಿ ಅಷ್ಟ ಇತ್ತು.

ನಮ್ಮ ವೀರೇಶ್ವರ ಪುಣ್ಯಾಶ್ರಮನೂ ನೆನಸರಿ. ಪಂಚಾಕ್ಷರಿ ಗವಾಯಿಗಳು, ಅವರ ಹಿಂದ 2010ರ ತನಕ ಪುಟ್ಟರಾಜ ಗವಾಯಿಗಳು, ಕಣ್ಣಿಲ್ಲದ ಎಷ್ಟೋ ಮಕ್ಕಳಿಗೆ ಸಂಗೀತ ಕಲಿಸಿದ್ರು. ಇಬ್ಬರಿಗೂ ಕಣ್ಣು ಇರಲಿಲ್ಲ. ಕಿವೀಲೆ ಕಲಿಯೂ ಮಕ್ಕಳಿಗೆ ದನಿ ಸ್ವಚ್ಛ ಇರೂದು ಶೋಕಿ ಅಲ್ರಿ, ಅದ ಅವರ ಪುಸ್ತಕ.

ಇನ್ನ ನಮ್ಮ ಕಾಲಕ್ಕ ಬರೂಣು. ಧಾರವಾಡ ಆಕಾಶವಾಣಿ 1950ರ ಜನವರಿ 8ಕ್ಕ ಸುರುವಾತು. 1963ರಾಗ ಫಿಲಿಪ್ಸ್‌ನವರು ಸಣ್ಣ ಕ್ಯಾಸೆಟ್ ತಂದ್ರು. ಆಮ್ಯಾಲೆ ನಮ್ಮ ಮನಿಗಳಿಗೆ ಟೂ-ಇನ್-ಒನ್ ಬಂತು, ರೇಡಿಯೋ ಮತ್ತ ಟೇಪ್ ಒಂದ ಡಬ್ಬ್ಯಾಗ. ನೆನಪೈತೇನ್ರಿ? ರೇಡಿಯೋದ ಎದುರಿಗೆ ಬ್ಯಾರೆ ಟೇಪ್ ಇಟ್ಟು ಹಿಡದ್ರ ಮಕ್ಕಳ ಅಳೂದೂ ಬರತಿತ್ತು. ಟೂ-ಇನ್-ಒನ್‌ದಾಗ ಎರಡು ಗುಂಡಿ ಒಟ್ಟಿಗೆ ಒತ್ತಿದ್ರ ಬರೇ ಹಾಡು ಬರತಿತ್ತು. ಯಾಕಂದ್ರ ಅಲ್ಲಿ ದನಿ ಗಾಳಿಗೆ ಬರತಿರಲಿಲ್ಲ, ರೇಡಿಯೋದಿಂದ ಟೇಪಿಗೆ ಒಳಗಿಂದೊಳಗ ತಂತ್ಯಾಗ ಹೋಗತಿತ್ತು. ಕಂಪ್ಯೂಟರಿನ ಒಳಗಿನ ದನಿ ಹಿಡಿಯೂದಂದ್ರ ಇದ ಕೆಲಸ. ನಾವು ಅದನ್ನ ಹೆಸರು ಗೊತ್ತಿಲ್ಲದನ ಮಾಡೇವಿ.

ಕಂಪ್ಯೂಟರಿನ್ಯಾಗ ಮೊದಲ ಇದು ಸೌಂಡ್ ಕಾರ್ಡಿನ ಕೈಯಾಗ ಇತ್ತು. ಕೆಲವಕ್ಕ ‘ಸ್ಟೀರಿಯೋ ಮಿಕ್ಸ್’ ಅಂತ ಒಂದು ಆಯ್ಕೆ ಇರತಿತ್ತು, ಕೆಲವಕ್ಕ ಇರತಿರಲಿಲ್ಲ, ಇದ್ರೂ ಬಂದ್ ಮಾಡಿಟ್ಟಿರತಿದ್ರು. 2007ರಾಗ ಬಂದ ವಿಂಡೋಸ್ ವಿಸ್ಟಾ ಸ್ಪೀಕರಿಗೆ ಹೋಗೂ ದನಿನ್ನ ವಾಪಸ್ ತಿರುಗಿಸಿ ಹಿಡಿಯೂ ದಾರಿ ಕೊಟ್ಟಿತು. 2012ರಾಗ ಬಂದ ಓಬಿಎಸ್ ಅನ್ನೂ ಪುಕ್ಕಟ ಸಾಫ್ಟ್‌ವೇರಿನ್ಯಾಗ ಎರಡು ಪಟ್ಟಿ ಕುಣೀತಾವು: ಒಂದು ಕಂಪ್ಯೂಟರಿನ ಒಳಗಿನ ದನಿದು, ಇನ್ನೊಂದು ನಮ್ಮ ಮೈಕಿಂದು. ಮೊದಲನೇ ಪಟ್ಟಿ ಕುಣೀಲಿಲ್ಲಂದ್ರ ಆ ಕಡೆಯವರ ದನಿ ಬರಾಕತ್ತಿಲ್ಲ ಅಂತ ತಿಳೀರಿ.

ಮೊಬೈಲಿನ್ಯಾಗ ಯಾಕ ಆಗೂದಿಲ್ಲ? ಆಂಡ್ರಾಯ್ಡ್ 2019ರಾಗ ಹಾಡು, ವಿಡಿಯೋ, ಆಟ ಇವುಗಳ ಒಳಗಿನ ದನಿ ಹಿಡಿಯಾಕ ಬ್ಯಾರೆ ಆ್ಯಪ್‌ಗಳಿಗೆ ಬಿಟ್ಟುಕೊಟ್ಟಿತು, 2020ರಾಗ ಪರದೆ ಹಿಡಿಯೂ ಗುಂಡಿನೂ ತಂತು. ಆದ್ರ ಕಾಲ್‌ದಾಗಿನ ದನಿನ್ನ ಹೊರಗಿಟ್ಟಿತು. ಇನ್ನೊಬ್ಬರ ಮಾತು ಅವರಿಗೆ ಗೊತ್ತಿಲ್ಲದ ಕದೀಬಾರದು ಅನ್ನೂದು ಅದರ ಹಿಂದಿನ ವಿಚಾರ. ತಪ್ಪೇನಲ್ಲ ಅನಸ್ತದ ನನಗ.

ಮುಂಡರಗ್ಯಾಗ ನಮ್ಮ ದೊಡ್ಡವ್ವ ಇದ್ಲು, ಎಂಬತ್ನಾಕು ವರ್ಷದಾಕಿ. ಮದವಿ ಸೋಬಾನಿ ಪದ ಮೊದಲಿಂದ ಕಡೀತನಕ ಬರತಿದ್ದದ್ದು ನಮ್ಮ ಬಳಗದಾಗ ಆಕಿಗೊಬ್ಬಾಕಿಗೆ. ಮದವಿ ಮನ್ಯಾಗ ಹಿಡದ ವಿಡಿಯೋದಾಗೆಲ್ಲಾ ಬ್ಯಾಂಡಿನ ಸಪ್ಪಳದಾಗ ಆಕಿ ದನಿ ಮುಳುಗಿ ಹೋಗೈತಿ. ಮೊಣಕಾಲು ಹಿಡದು ಊರಿಗೆ ಬರಾಕ ಆಗದಾಗ, ಆಕಿ ಅಲ್ಲೇ ಮೊಬೈಲ್ ಮುಂದ ಕುಂತ್ಲು, ಇಲ್ಲೆ ಬೆಟಗೇರ್ಯಾಗ ನನ್ನ ಮಗ ಲ್ಯಾಪ್‌ಟಾಪಿನ್ಯಾಗ ಕಾಲ್ ಹಚ್ಚಿದ. ಹಿಡೀಲೇನು ಅಂತ ಮೊದಲ ಕೇಳಿದ್ವಿ. ‘ಹಿಡೀರ್ಯವಾ, ನಾ ಹೋದಮ್ಯಾಲೆ ಯಾರು ಹಾಡಾವ್ರು’ ಅಂದ್ಲು. ಇಪ್ಪತ್ತು ನಿಮಿಷ ಹಾಡಿದ್ಲು. ನಡುವ ಎರಡ ಸಲ ನಿಂತು, ‘ಕೇಳಸ್ತೈತೇನ?’ ಅಂತ ಕೇಳ್ಯಾಳ. ಹೋದ ಕಾರ್ತೀಕದಾಗ ತೀರಿಕೊಂಡ್ಲು. ಈಗ ಅದನ್ನ ಹಚ್ಚಿಕೊಂಡು ನಮ್ಮ ಸೊಸಿ ಪದ ಕಲ್ಯಾಕತ್ತಾಳ. ಆ ‘ಕೇಳಸ್ತೈತೇನ’ ಅನ್ನೂ ಮಾತನ್ನ ಯಾರೂ ಕತ್ತರಿಸಿಲ್ಲ.

ನಿಮ್ಮ ಮನ್ಯಾಗೂ ಇಂಥಾ ಹಿರ್ಯಾರು ಇದ್ರ ತಡಾ ಮಾಡಬ್ಯಾಡ್ರಿ. ಮೊದಲ ಅವರನ್ನ ಕೇಳ್ರಿ. ನೀವು ಹೆಡ್‌ಫೋನ್ ಹಾಕ್ಕೊಳ್ರಿ, ಇಲ್ಲಂದ್ರ ಸ್ಪೀಕರಿನ ದನಿ ಮತ್ತ ನಿಮ್ಮ ಮೈಕಿಗೆ ಹೊಕ್ಕು ಒಂದ ಮಾತು ಎರಡೆರಡ ಸಲ ಕೇಳತೈತಿ. ಅರ್ಧ ನಿಮಿಷ ಹಿಡದು, ಹಚ್ಚಿ ಕೇಳಿ, ಆಮ್ಯಾಲೆ ಪೂರ್ತಿ ಹಿಡೀರಿ. ಎರಡು ಕಡೆ ನಕಲು ಇಡ್ರಿ. ಮತ್ತ ಕೊನಿಗೆ, ಗೌಹರ್ ಜಾನ್ ಮಾಡಿದ್ಹಂಗ, ಅವರ ಬಾಯಿಲೇ ಅವರ ಹೆಸರು, ಊರು ಹೇಳಸ್ರಿ. ಮುಂದ ಕೇಳೂ ಮಕ್ಕಳಿಗೆ ಇದು ಯಾರ ದನಿ ಅಂತ ಗೊತ್ತಾಗಬೇಕಲ್ಲ.