ಟಿಪ್ಪರ್ ಬರುವ ಮೊದಲೇ ಆಗಬೇಕಾದ ಕೆಲಸ

ತುಮಕೂರು ಜಿಲ್ಲೆಯ ಮಧುಗಿರಿ, ಕೊರಟಗೆರೆ ಕಡೆ ಉಳಿ, ಸುತ್ತಿಗೆ, ಎತ್ತಿನ ಗಾಡಿಗಳಲ್ಲಿ ಬಂಡೆ ಕೆಲಸ ಸಾಗುತ್ತಿದ್ದಾಗ ಜನ ಹೆದರುತ್ತಿದ್ದುದು ಉರುಳುವ ಕಲ್ಲಿಗೆ, ಸಿಡಿಯುವ ಮದ್ದಿಗೆ. 1964ರಲ್ಲಿ ಬೆಂಗಳೂರಿನಲ್ಲಿ ಭಾರಿ ಯಂತ್ರ ತಯಾರಿಸುವ ಬಿಇಎಂಎಲ್ ಹುಟ್ಟಿತು, 1979ರಲ್ಲಿ ಹರಿಯಾಣದ ಬಲ್ಲಭಗಢದಲ್ಲಿ ಜೆಸಿಬಿ ತಯಾರಿ ಶುರುವಾಯಿತು. ಬರಬರುತ್ತಾ ಕ್ವಾರಿ, ಕೆರೆ ಹೂಳು, ರಸ್ತೆ ಎಲ್ಲವೂ ಯಂತ್ರದ ಕೆಲಸವಾದವು. ಆ ಯಂತ್ರಗಳ ನಡುವೆ ಮನುಷ್ಯ ಎಲ್ಲಿ ನಿಲ್ಲಬೇಕು ಎಂಬುದನ್ನು ಯೋಚಿಸಲು ನಾವು ತಡಮಾಡಿದೆವು.

ಮೊದಲು ಯೋಚಿಸಿದ್ದು ಗಣಿಯವರು. 1952ರ ಗಣಿ ಕಾಯ್ದೆ, 1961ರ ಲೋಹ ಗಣಿ ನಿಯಮಗಳು ಕಲ್ಲು ಕ್ವಾರಿಗೂ ಅನ್ವಯಿಸಿದವು. ತೆರೆದ ಗಣಿಯಲ್ಲಿ ಎರಡೂ ಕಡೆಯಿಂದ ವಾಹನ ಓಡಾಡುವ ದಾರಿ ಅತಿ ದೊಡ್ಡ ವಾಹನದ ಮೂರು ಪಟ್ಟಾದರೂ ಅಗಲವಿರಬೇಕು, ಅಂಚಿಗೆ ಮಣ್ಣಿನ ಗಟ್ಟಿ ಏರಿ ಇರಬೇಕು ಎಂಬ ತಿಳಿವಳಿಕೆ ಬಂದದ್ದು ಅಲ್ಲಿಂದ. ಡ್ರೈವರ್ ಎಷ್ಟೇ ಜಾಣನಾಗಿರಲಿ, ದಾರಿ ಸರಿಯಿಲ್ಲದಿದ್ದರೆ ಗಾಡಿ ಉಳಿಯದು.

ಕಟ್ಟಡ ಕಾರ್ಮಿಕರಿಗೆ ಪ್ರತ್ಯೇಕ ಕಾಯ್ದೆ ಬಂದದ್ದು 1996ರಲ್ಲಿ. ರಸ್ತೆ ಕಾಮಗಾರಿಯ ಸುರಕ್ಷತೆಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ 2001ರಲ್ಲಿ ಮಾರ್ಗಸೂಚಿ ಹೊರಡಿಸಿ, 2014ರಲ್ಲಿ ಪರಿಷ್ಕರಿಸಿತು. ಶಿರಾ ಮೂಲಕ ಹಾಯುವ ಹೆದ್ದಾರಿಯಂಥ ಕಡೆ ಓಡುವ ವಾಹನಗಳ ಪಕ್ಕದಲ್ಲೇ ಕೆಲಸ ಸಾಗಬೇಕಾಗುವುದರಿಂದ ಅದು ತೀರಾ ಬೇಕಾಗಿತ್ತು. ಕೆಲಸಗಾರರ ಪ್ರಯಾಣ ಮಾತ್ರ ಸುರಕ್ಷತಾ ಯೋಜನೆಯ ಹೊರಗೇ ಉಳಿಯಿತು. 2022ರ ಆಗಸ್ಟ್‌ನಲ್ಲಿ ಶಿರಾ ತಾಲ್ಲೂಕಿನ ಕಳ್ಳಂಬೆಳ್ಳ ಬಳಿ, ರಾಯಚೂರು ಕಡೆಯಿಂದ ಕೂಲಿಗೆಂದು ಬೆಂಗಳೂರಿಗೆ ಹೊರಟವರ ವಾಹನ ಲಾರಿಗೆ ಡಿಕ್ಕಿಯಾಗಿ ಒಂಬತ್ತು ಜೀವ ಹೋದವು.

ಪಾವಗಡದ್ದು ಬೇರೆಯದೇ ಪ್ರಮಾಣ. ತಿರುಮಣಿ, ವಳ್ಳೂರು ಸುತ್ತಿನ 13,000 ಎಕರೆಯಲ್ಲಿ 2019ರ ಕೊನೆಗೆ 2,050 ಮೆಗಾವಾಟ್ ಸೋಲಾರ್ ಪಾರ್ಕ್ ಎದ್ದಿತು. ಕಂಬ, ಫಲಕ, ಟ್ರಾನ್ಸ್‌ಫಾರ್ಮರ್ ಎಲ್ಲವೂ ಬಂದದ್ದು ಲಾರಿಯಲ್ಲೇ. ಇಷ್ಟು ವಿಸ್ತಾರದ ಕೆಲಸದಲ್ಲಿ ಊರಿನ ದಾರಿ, ಕುರಿ ಹಿಂಡು, ಶಾಲೆಗೆ ನಡೆಯುವ ಮಕ್ಕಳು ಎಲ್ಲರೂ ಯೋಜನೆಯೊಳಗೆ ಬರಲೇಬೇಕು.

ಹಾಗಾದರೆ ಯೋಜನೆ ಎಂದರೇನು? ಮೊದಲ ಪ್ರಶ್ನೆ ರಿವರ್ಸಿನದು. ಬ್ರಿಟನ್ನಿನ ಸುರಕ್ಷತಾ ಸಂಸ್ಥೆ ಮೊದಲು ಕೇಳುವುದು ಗಾಡಿ ಹಿಂದೆ ಬರಲೇಬೇಕೇ ಎಂದು. ಒಂದು ಕಡೆಯಿಂದ ಒಳಬಂದು ಇನ್ನೊಂದು ಕಡೆಯಿಂದ ಹೊರಹೋಗುವ ದಾರಿ ಮಾಡಿದರೆ ಆ ಅಪಾಯ ಅಲ್ಲೇ ತಪ್ಪುತ್ತದೆ. ಆಗದಿದ್ದರೆ ‘ಬರ್ಲಿ, ಬರ್ಲಿ, ಹೋಲ್ಡಾನ್’ ಅನ್ನುವವ ಒಬ್ಬನೇ ಇರಬೇಕು, ಅವನು ಡ್ರೈವರ್‌ಗೆ ಕನ್ನಡಿಯಲ್ಲಿ ಕಾಣುತ್ತಿರಬೇಕು, ಕಾಣದ ಕ್ಷಣ ಗಾಡಿ ನಿಲ್ಲಬೇಕು. ಟಿಪ್ಪರ್ ತೊಟ್ಟಿ ಎತ್ತುವ ಜಾಗ ಸಮತಟ್ಟಾಗಿರಬೇಕು: ಒಂದು ಕಡೆಯ ಗಾಲಿ ಹೊಸ ಮಣ್ಣಿನಲ್ಲಿ ಕುಸಿದರೆ ಭಾರವೆಲ್ಲ ಮೇಲಿದ್ದು ಗಾಡಿ ಮಗುಚುತ್ತದೆ. ನಮ್ಮ ಹೊಲಗಳಲ್ಲಿ ಪಂಪ್‌ಸೆಟ್ಟಿನ ತಂತಿ ಜೋತುಬಿದ್ದಿರುವುದು ಸಾಮಾನ್ಯ. ಹೊಲಕ್ಕೆ ಕೆರೆ ಹೂಳು ಸುರಿಯುವ ಮೊದಲು ತಲೆಯೆತ್ತಿ ನೋಡಲೇಬೇಕು. ಎತ್ತಿದ ತೊಟ್ಟಿಯ ಕೆಳಗೆ ಆಧಾರ ಕೊಡದೆ ರಿಪೇರಿಗೆ ನುಗ್ಗುವುದಂತೂ ಸಾವಿಗೆ ಕೊರಳು ಕೊಟ್ಟಂತೆ.

2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತಾ ಸಂಹಿತೆ ಹಳೆಯ ಗಣಿ, ಕಟ್ಟಡ ಕಾಯ್ದೆಗಳನ್ನು ಒಳಗೊಂಡಿದೆ. ಅದರಂತೆ ಸುರಕ್ಷತಾ ಅಧಿಕಾರಿ ಬೇಕಾಗುವುದು ನಿರ್ಮಾಣದಲ್ಲಿ 250, ಗಣಿಯಲ್ಲಿ 100 ಕಾರ್ಮಿಕರಿದ್ದರೆ. ಹತ್ತು ಹದಿನೈದು ಜನರ ಕ್ರಷರ್‌ಗೆ, ಕೆರೆ ಕೆಲಸಕ್ಕೆ ಆ ಅಧಿಕಾರಿ ಬರುವುದಿಲ್ಲ. ಈ ಕೊರತೆಯೇ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ. ತುಮಕೂರು–ರಾಯದುರ್ಗ ರೈಲು ಮಾರ್ಗದ ಕಾಮಗಾರಿ ಕೊರಟಗೆರೆ, ಮಧುಗಿರಿ, ಪಾವಗಡಗಳನ್ನೂ, ತುಮಕೂರು–ದಾವಣಗೆರೆ ಮಾರ್ಗದ್ದು ಶಿರಾವನ್ನೂ ಹಾಯುವುದರಿಂದ ಮಣ್ಣಿನ ಟಿಪ್ಪರ್‌ಗಳಿಗೆ ಇಲ್ಲಿ ಬಿಡುವಿಲ್ಲ. ಕಾಮಗಾರಿ ಮಂಜೂರು ಮಾಡುವ ಪಂಚಾಯಿತಿ, ಇಲಾಖೆಗಳು ಒಂದು ಹಾಳೆಯ ವಾಹನ ನಕ್ಷೆಯನ್ನಾದರೂ ಕೇಳಲಿ. ಅದನ್ನು ಮೇಸ್ತ್ರಿ ಬೆಳಿಗ್ಗೆ ಕೆಲಸಕ್ಕೆ ಮೊದಲು ಆಳುಗಳಿಗೆ, ಡ್ರೈವರ್‌ಗೆ, ಕ್ಲೀನರ್‌ಗೆ ಅವರದೇ ಮಾತಿನಲ್ಲಿ ಹೇಳಲಿ.